ಬಿಸ್ಮಿಲ್ಲಾಬಿ ಕಂಡ ಸೀಳುನಾಯಿಗಳು

ಬ್ಯಾಡಗಿಯ ಬಿಸ್ಮಿಲ್ಲಾಬಿ ಗಂಡ ತೀರಿಕೊಂಡ ಮೇಲೆ ಎಂಟು ವರ್ಷ ಮೆಣಸಿನಕಾಯಿ ತೊಟ್ಟು ಬಿಡಿಸಿದಳು. ಕೆಂಪು ರಾಶಿಯಲ್ಲಿ ಬಣ್ಣಗೆಟ್ಟ ಕಾಯಿ ಹೆಕ್ಕುವುದರಲ್ಲಿ ಆಕೆಯ ಕಣ್ಣು ಬಲು ಚುರುಕು. ಆಮೇಲೆ ಹಾವೇರಿಯ ಲಕ್ಷ್ಮಪ್ಪನ ಪ್ರವಾಸದ ಬಸ್ಸಿಗೆ ಅಡುಗೆಯವಳಾದಳು. ಬಂಡೀಪುರ, ನಾಗರಹೊಳೆ ಅಂತ ಹದಿನಾಲ್ಕು ವರ್ಷ ತಿರುಗಿದರೂ ಕಾಡಿನೊಳಗೆ ಹೋದವಳಲ್ಲ. ಜನ ಸಫಾರಿಗೆ ಹೊರಟರೆ ಈಕೆ ವಸತಿಗೃಹದ ಹಿತ್ತಲಲ್ಲಿ ಉಳ್ಳಾಗಡ್ಡಿ ಹೆಚ್ಚುತ್ತಿದ್ದಳು. ಅವರು ಕಂಡ ಆನೆ, ಹುಲಿಗಳ ಸುದ್ದಿಯನ್ನು ಬಡಿಸುತ್ತಲೇ ಕೇಳಿಸಿಕೊಳ್ಳುತ್ತಿದ್ದಳು.

ಕಳೆದ ವರ್ಷ ಚಳಿ ಇಳಿಯುವ ಹೊತ್ತಿಗೆ ನಾಗರಹೊಳೆಗೆ ಹೋದ ತಂಡದಲ್ಲಿ ಕರ್ಜಗಿಯ ನಿವೃತ್ತ ನರ್ಸ್ ಮೈಲವ್ವ ಇದ್ದರು. ಬೆಳಗಿನ ಸಫಾರಿ ಮುಗಿಸಿದ ಅವರು ಮಧ್ಯಾಹ್ನ ಒಲೆಯ ಹತ್ತಿರ ಬಂದು ಸೆರಗು ಸಿಕ್ಕಿಸಿದರು.

"ನಾ ಮುಂಜಾನಿ ನೋಡಿ ಬಂದೇನಿ. ಸಂಜಿ ಸಫಾರಿಗೆ ನನ್ನ ಸೀಟಿನ್ಯಾಗ ನೀ ಕುಂದ್ರು. ಅಡಗಿ ನಾ ಮಾಡ್ತೀನಿ."

ಬಿಸ್ಮಿಲ್ಲಾಬಿ ಸುತರಾಂ ಒಪ್ಪಲಿಲ್ಲ. ಲಕ್ಷ್ಮಪ್ಪ ಬೈಯುತ್ತಾನೆ ಎಂದಳು. ಆದರೆ ಮೈಲವ್ವ ಅವನನ್ನು ಮೊದಲೇ ಒಪ್ಪಿಸಿ, ಟಿಕೇಟಿನ ಹೆಸರನ್ನೂ ಬದಲಿಸಿಕೊಂಡು ಬಂದಿದ್ದರು.

ಬಿಸ್ಮಿಲ್ಲಾಬಿ ಕುಳಿತ ಸಫಾರಿ ವ್ಯಾನು ಕಾಡಿನಲ್ಲಿ ಒಂದು ತಾಸು ತಿರುಗಿತು. ಜಿಂಕೆ ಬಿಟ್ಟರೆ ಏನೂ ಕಾಣದೆ ಜನ ಆಕಳಿಸತೊಡಗಿದರು. ಆಗ ತೇಗದ ತರಗೆಲೆಗಳ ನಡುವೆ ಬಿಸ್ಮಿಲ್ಲಾಬಿಗೆ ಒಂದು ಕೆಂಪು ಬೇರೆಯಾಗಿಯೇ ಕಂಡಿತು. ಮೆಲ್ಲಗೆ ಚಾಲಕನಿಗೆ ಕೈಮಾಡಿ ತೋರಿಸಿದಳು.

ಸೀಳುನಾಯಿ. ಗವಿಯ ಬಾಯಲ್ಲಿ ತಾಯಿ, ಅದರ ಸುತ್ತ ಐದು ಮರಿ. ಅಷ್ಟರಲ್ಲಿ ಬೇಟೆಗೆ ಹೋಗಿದ್ದ ನಾಯಿಗಳು ಬಂದವು. ನುಂಗಿಕೊಂಡು ಬಂದಿದ್ದ ಮಾಂಸವನ್ನು ಕಕ್ಕಿ ಮರಿಗಳಿಗೆ ಹಾಕಿದವು, ತಾಯಿಗೂ ಹಾಕಿದವು.

"ಒಂಬತ್ತು ವರ್ಷದಿಂದ ಗಾಡಿ ಓಡಿಸ್ತಿದೀನಿ, ಅಮ್ಮ. ಇವುಗಳ ಮರಿ ನೋಡ್ತಿರೋದು ಇದೇ ಮೊದಲು," ಎಂದ ಚಾಲಕ, ಪಿಸುದನಿಯಲ್ಲಿ.

ಸಂಜೆ ಮೈಲವ್ವ ಆಕೆಯನ್ನು ಎಲ್ಲರ ಜೊತೆ ಕೂರಿಸಿ ಬಡಿಸಿದರು. ಅನ್ನ ಮುದ್ದೆಯಾಗಿತ್ತು, ಸಾರಿಗೆ ಉಪ್ಪು ಸಾಲದಾಗಿತ್ತು. ಬಿಸ್ಮಿಲ್ಲಾಬಿ ಎರಡನೇ ಸಲ ಹಾಕಿಸಿಕೊಂಡಳು. ಏನೇನು ಕಂಡಿತೆಂದು ಮೈಲವ್ವ ಕೇಳಿದರು.

"ಮರಿ ಕಾಯಾಕ ಉಳದ ತಾಯಿಗೆ ಉಳದುವು ಊಟ ತಂದು ಕೊಟ್ಟುವ್ರಿ, ಅಕ್ಕಾರ," ಎಂದಳು ಬಿಸ್ಮಿಲ್ಲಾಬಿ. "ನೀವು ಕಳಸಿದ್ದಕ್ಕ ನೋಡಿದೆ."

ಆ ರಂಜಾನ್ ಹಬ್ಬದ ದಿನ ಆಕೆ ಡಬ್ಬಿ ತುಂಬ ಹಾಲು-ಶಾವಿಗೆಯ ಸುರಕುಂಬಾ ಹಿಡಿದು, ಹಾವೇರಿಯಲ್ಲಿ ಬಸ್ಸು ಬದಲಿಸಿ, ಕರ್ಜಗಿಯಲ್ಲಿ ಇಳಿದಳು. ಮೈಲವ್ವ ಬಾಗಿಲಲ್ಲೇ ನಿಂತಿದ್ದರು.