ಚಿಕ್ಕಮ್ಮ ಬರೆದ ‘ತಿರುಚು’

ನಿಘಂಟಿನ ಕಚೇರಿಯಲ್ಲಿ ನಮ್ಮ ಚಿಕ್ಕಮ್ಮನಿಗೆ ಭೂತಗನ್ನಡಿ ಎಂದು ಅಡ್ಡಹೆಸರು. ಇಪ್ಪತ್ತಾರು ವರ್ಷ ಅಲ್ಲಿ ಕರಡು ತಿದ್ದಿದವಳು. ಮನೆಯಲ್ಲೂ ಬಿಡುತ್ತಿರಲಿಲ್ಲ, ನಾನು ಬರೆದ ಅಂಗಡಿ ಚೀಟಿಯಲ್ಲಿ ಒಂದು ಒತ್ತಕ್ಷರ ತಪ್ಪಿದ್ದರೂ ಮೊದಲು ಅದನ್ನು ತಿದ್ದಿ, ಆಮೇಲೆ ಚೀಲ ಹಿಡಿದು ಹೊರಡುವಳು. ಅಂಥವಳಿಗೆ ಕಣ್ಣು ಕಾಣುವುದಿಲ್ಲ ಎಂದು ಬರೆದರಲ್ಲ, ನೆನೆದರೆ ಈಗಲೂ ನನಗೆ ಮೈ ಉರಿಯುತ್ತದೆ.

ಹೊಸ ಮೇಲಧಿಕಾರಿ ಬಂದ ತಿಂಗಳೇ ತನ್ನ ಕೋಣೆಯನ್ನು ಅಗಲ ಮಾಡಿಸಿಕೊಂಡ. ಅಲ್ಲಿದ್ದ ಎರಡು ಕಬ್ಬಿಣದ ಬೀರುಗಳು ಚಿಕ್ಕಮ್ಮನ ಮೇಜಿನ ಪಕ್ಕದ ಕಿಟಕಿಗೆ ಅಡ್ಡ ಬಂದು ನಿಂತವು. ಅವಳ ಪಾಲಿಗೆ ಉಳಿದದ್ದು ಮಿಣುಕುವ ಒಂದು ಟ್ಯೂಬ್‌ಲೈಟು. ಆ ಸಲದ ಸಂಪುಟದಲ್ಲಿ ನಾಲ್ಕು ತಪ್ಪು ಅಚ್ಚಾದವು, ವಿಚಾರಣೆ ನಡೆಯಿತು. ಚಿಕ್ಕಮ್ಮ ಎದ್ದು ಹೇಳಿದ್ದು ಇಷ್ಟೆ: “ಈ ಬೆಳಕಲ್ಲಿ ನಂಗೆ ಅಕ್ಷರ ಕಾಣಲ್ಲ ಸಾರ್. ಬೀರು ಸರಿಸಿ ಕೊಡಿ.”

ವರದಿಯಲ್ಲಿ ಬಂದದ್ದು ಹೀಗೆ: ‘ನನಗೆ ಅಕ್ಷರ ಕಾಣುವುದಿಲ್ಲ ಎಂದು ಸ್ವತಃ ಒಪ್ಪಿಕೊಂಡಿರುತ್ತಾರೆ. ತಿಂಗಳ ಕೊನೆಗೆ ಕೆಲಸದಿಂದ ಬಿಡುಗಡೆ ಮಾಡಬಹುದು.’ ಕೆಳಗೆ ಅವಳ ಸಹಿಗೆ ಜಾಗ. ಕೇಳಿದ್ದು ಬೆಳಕು, ಕೊಟ್ಟದ್ದು ಕುರುಡಿನ ಪಟ್ಟ.

ಆ ವಾರ ಅವಳ ಮೇಜಿನ ಮೇಲಿದ್ದದ್ದು ‘ತಿ’ ಅಕ್ಷರದ ಕರಡು. ತಿರುಗು, ತಿರುವು, ತಿರುಪು ಎಲ್ಲ ಒಂದೇ ತಾಯಿಯ ಮಕ್ಕಳು, ಸುತ್ತುವುದೇ ಆ ಮನೆತನದ ಗುಣ ಎನ್ನುತ್ತಿದ್ದಳು ಚಿಕ್ಕಮ್ಮ. ಆ ಸಾಲಿನಲ್ಲೇ ‘ತಿರುಚು’. ಮೊದಲನೆಯ ಅರ್ಥ ಒದ್ದೆ ಬಟ್ಟೆ ಹಿಂಡುವಂತೆ ಸುತ್ತುವುದು, ಎರಡನೆಯದು ಕಿವಿ ಹಿಂಡುವುದು. ಮೂರನೆಯದಕ್ಕೆ ಸಂಪಾದಕರು ‘ಸುಳ್ಳು ಹೇಳು’ ಎಂದು ಬರೆದಿದ್ದರು. ಅವಳು ಕರಡು ಹಿಡಿದು ನೇರ ಅವರ ಮುಂದೆ ನಿಂತಳು.

“ಇದು ಸರಿಯಿಲ್ಲ ಸಾರ್. ಸುಳ್ಳು ಹೇಳೋನು ಮಾತನ್ನಾದ್ರೂ ತಾನೇ ಹುಟ್ಟಿಸ್ಬೇಕು. ತಿರುಚೋನಿಗೆ ಅಷ್ಟೂ ಕಷ್ಟ ಇಲ್ಲ. ನಮ್ಮ ಮಾತನ್ನೇ ಕಿತ್ಕೊಂಡು ನಮ್ಮ ತಲೆಗೇ ಕಟ್ತಾನೆ.”

ಸಂಪಾದಕರು ಕನ್ನಡಕ ಒರೆಸಿಕೊಂಡರು. “ನೀವೇ ಬರೀರಮ್ಮ.”

‘ಆಡಿದ ಮಾತಿನ ಹಿಂದುಮುಂದು ಕತ್ತರಿಸಿ, ಆಡಿದವರು ನೆನೆಸದ ಅರ್ಥಕ್ಕೆ ಎಳೆ’ ಎಂದು ಬರೆದಳು. ಸಂಪಾದಕರು ತಲೆದೂಗಿದರು. ವಿಚಾರಣೆಯಲ್ಲಿ ಅವರೂ ಕೂತಿದ್ದರು, ಅವಳ ಮಾತನ್ನು ಕಿವಿಯಾರೆ ಕೇಳಿದ್ದರು. ಅರ್ಥ ಒಪ್ಪಿದ ಮಹಾನುಭಾವರು ಸಾಕ್ಷಿ ಹೇಳಬೇಕಾದಾಗ ಬಾಯಿಗೆ ಬೀಗ ಹಾಕಿಕೊಂಡರು. ಅಂಥವರ ಸಜ್ಜನಿಕೆಯನ್ನು ಉಪ್ಪು ಹಾಕಿ ನೆಕ್ಕಬೇಕೆ?

ಮೇಲಧಿಕಾರಿ ಕರೆಸಿ ವರದಿ ಮುಂದೆ ತಳ್ಳಿದ.

“ಇದರಲ್ಲಿ ನೀವು ಹೇಳದೆ ಇರೋ ಮಾತು ಒಂದಾದ್ರೂ ಇದೆಯಾ?”

“ಇಲ್ಲ. ನಾನು ಹೇಳಿದ ಎರಡು ಪದ ಮಾತ್ರ ಇದರಲ್ಲಿಲ್ಲ.”

“ಸಹಿ ಹಾಕಿ ಅಮ್ಮ. ಸುಮ್ನೆ ಯಾಕೆ ರಗಳೆ.”

ಚಿಕ್ಕಮ್ಮ ಕಾಗದ ಎತ್ತಿಕೊಂಡು ಹೊರಗಿನ ಜಗುಲಿಗೆ ಹೋದಳು. ಅಲ್ಲಿ ಒಳ್ಳೆಯ ಬಿಸಿಲಿತ್ತು. ಕಟ್ಟೆಯ ಮೇಲೆ ಕೂತು, ಕೆಂಪು ಪೆನ್ನು ತೆಗೆದು, ಮೊದಲ ಅಕ್ಷರದಿಂದ ಓದಿದಳು. ‘ನನಗೆ’ ಎಂಬುದರ ಹಿಂದೆ ಬಿಟ್ಟುಹೋದ ಪದದ ಗುರುತು ಹಾಕಿ, ಅಂಚಿನಲ್ಲಿ ‘ಈ ಬೆಳಕಿನಲ್ಲಿ’ ಎಂದು ಬರೆದಳು. ಅದಲ್ಲದೆ ಆ ಒಂದೇ ಹಾಳೆಯಲ್ಲಿ ಹನ್ನೊಂದು ಕಾಗುಣಿತದ ತಪ್ಪು ಸಿಕ್ಕವು. ಎಲ್ಲವನ್ನೂ ತಿದ್ದಿ ಅವನ ಮೇಜಿನ ಮೇಲಿಟ್ಟಳು.

“ಸಹಿ ಆಮೇಲೆ ಸಾರ್. ಇದು ಇನ್ನೂ ಕರಡು. ತಿದ್ದಿ ಹೊಸ ಪ್ರತಿ ತೆಗೆಸಿ.”

ಕಣ್ಣು ಕಾಣದವಳು ಹನ್ನೊಂದು ತಪ್ಪು ಹಿಡಿದಿದ್ದಳು! ಮಾನ ಇರುವವನಾದರೆ ಅಲ್ಲೇ ವರದಿಯನ್ನು ಹರಿದು ಹಾಕುತ್ತಿದ್ದ. ಅವನು ಟೈಪಿಸ್ಟನನ್ನು ಕರೆದ.

ಮರುದಿನ ಹೊಸ ಪ್ರತಿ ಬಂತು. ಹನ್ನೊಂದನ್ನೂ ಅವಳು ಹೇಳಿದಂತೆಯೇ ತಿದ್ದಿದ್ದರು. ‘ಈ ಬೆಳಕಿನಲ್ಲಿ’ ಮಾತ್ರ ಇರಲಿಲ್ಲ. ಚಿಕ್ಕಮ್ಮ ಸಹಿ ಹಾಕಲಿಲ್ಲ. ಸಹಿಯಿಲ್ಲದೆಯೇ ತಿಂಗಳ ಕೊನೆಗೆ ಅವಳನ್ನು ಮನೆಗೆ ಕಳಿಸಿದರು. ಅವಳಿಗೆ ಅಕ್ಷರ ಕಾಣುವುದಿಲ್ಲ ಎಂದು ಸಾರುವ ಆ ಕಾಗದ ಕಚೇರಿಯ ಕಡತದಲ್ಲಿ ಈಗಲೂ ಇದೆ. ಅದರಲ್ಲಿ ಒಂದು ಅಕ್ಷರವೂ ತಪ್ಪಿಲ್ಲ; ತಿದ್ದಿದವಳು ಅವಳೇ.