ಹಲಸಿನ ಕಾಲದ ನಡಿಗೆ

ನಮ್ಮ ಡ್ರಿಲ್ ಟೀಚರ್ ಅವರ ಎಡಗಾಲಿನ ಕ್ಯಾನ್ವಾಸ್ ಶೂವಿಗೆ ಒಂದು ಕಿಟಕಿ ಇತ್ತು. ಕಿರುಬೆರಳು ಉಜ್ಜುತ್ತದೆಂದು ಅವರೇ ಬ್ಲೇಡಿನಿಂದ ಕೊಯ್ದದ್ದು. ಕಪ್ಪುಗಟ್ಟಿದ ಉಗುರೊಂದು ಅದರಿಂದ ಸದಾ ಹೊರಗೆ ಇಣುಕುತ್ತಿತ್ತು. ಹೊಸದು ತೆಗೆದುಕೊಳ್ಳಿ ಎಂದರೆ, "ಕಾಲು ಹಳೇದು ಕಣೋ, ಹೊಸ ಶೂ ಹಾಕಿದ್ರೆ ಜಂಬ ಬರುತ್ತೆ ಅದಕ್ಕೆ" ಅನ್ನುವರು.

ಹಾಸನದ ಕಡೆಯಿಂದ ಬಂದು ಕುಶಾಲನಗರದ ಹತ್ತಿರ ನೆಲೆಸಿದ ಬೇಸಾಯದ ಮನೆಯವರು. ಶಾಲೆಯಲ್ಲಿ ವಿಷಲ್ ಊದಿ ನಮ್ಮನ್ನು ಓಡಿಸಿದರು; ನಿವೃತ್ತರಾದ ಮೇಲೆ ಇಡೀ ಜಿಲ್ಲೆಯನ್ನೇ ನಡೆಸಲು ಹೊರಟರು. ಕೊಡ್ಲಿಪೇಟೆಯಿಂದ ಮಾಕುಟ್ಟದವರೆಗೆ ಊರಿನಿಂದ ಊರಿಗಿದ್ದ ಕಾಲುದಾರಿಗಳು ಮುಳ್ಳು ಬೆಳೆದು, ಬೇಲಿ ಬಿದ್ದು ಮುಚ್ಚಿಹೋಗುತ್ತಿದ್ದವು. ಅವನ್ನು ಒಂದಕ್ಕೊಂದು ಜೋಡಿಸಿ, ಕಲ್ಲುಗಳಿಗೆ ಹಳದಿ ಬಣ್ಣ ಬಳಿದು, ಯಾರು ಬೇಕಾದರೂ ನಡೆಯುವಂತೆ ಮಾಡಬೇಕೆಂಬುದು ಅವರ ಹಟ. ತೋಟದವರ ಗೇಟಿನ ಮುಂದೆ ಗಂಟೆಗಟ್ಟಲೆ ಕೂತು ಒಪ್ಪಿಸಿದ್ದರು. ಒಪ್ಪಿದವರೆಲ್ಲರದೂ ಒಂದೇ ಕರಾರು: ನಡೆಯುವವರ ದೆಸೆಯಿಂದ ಆನೆ ಕಾಟವಾದರೆ ಗೇಟು ಮತ್ತೆ ತೆರೆಯುವುದಿಲ್ಲ.

ದಾರಿಯನ್ನು ಜನಕ್ಕೆ ತೋರಿಸಲೆಂದೇ ಮಳೆಗೆ ಮುಂಚೆ ನಾವೊಂದಿಷ್ಟು ಹಳೆಯ ಶಿಷ್ಯರು ಅವರ ಹಿಂದೆ ಹೊರಟೆವು. ಟೀಚರ್ ಊರೂರಿಗೆ ಮೊದಲೇ ಹೇಳಿಕಳಿಸಿದ್ದರು: ಬಿಸ್ಕತ್ತು, ಬಾಟಲಿ ನೀರು ಬೇಡ, ನಿಮ್ಮಲ್ಲಿ ಬೆಳೆದದ್ದು ಕೊಟ್ಟರೆ ಸಾಕು. ಆ ಕಾಲದಲ್ಲಿ ಬೆಳೆದದ್ದೆಂದರೆ ಹಲಸು. ಹೋದಲ್ಲೆಲ್ಲ ಬಾಳೆಲೆ ಹಾಸಿ, ಹಣ್ಣು ಕೊಯ್ದಿಟ್ಟು ಕಾಯುತ್ತಿದ್ದರು. ತಿಂದೆವು. ಕೈಗೆ ಎಣ್ಣೆ ಉಜ್ಜಿ ಅಂಟು ತೆಗೆದೆವು. ಗೊಬ್ಬರವಾಗಲಿ ಎಂದು ಸಿಪ್ಪೆಯನ್ನು ಕಾಫಿ ಗಿಡಗಳ ಬುಡಕ್ಕೆ ಎಸೆದು ಮುಂದೆ ನಡೆದೆವು.

ದುಬಾರೆ ಕಡೆಯ ಕಾಡಂಚು ತಲುಪಿದಾಗ ಮೊದಲ ಸುದ್ದಿ ಬಂತು. ಆನೆ ಎಲ್ಲಿದೆಯೆಂದು ಎಸ್ಟೇಟಿನವರು ಪರಸ್ಪರ ತಿಳಿಸುವ ವಾಟ್ಸಾಪ್ ಗ್ರೂಪಿನಲ್ಲಿ ಟೀಚರೂ ಇದ್ದರು. ಹಿಂದಿನ ದಿನ ನಾವು ಹಣ್ಣು ತಿಂದ ಕಡೆಗೇ ಹಿಂಡು ಬಂದಿತ್ತಂತೆ. ನಕ್ಕೆವು. ಮರುದಿನ ಅದರ ಮುಂದಿನ ಊರು. ಅದರ ಮರುದಿನ, ನಾವು ತಂಗಿದ್ದ ಶಾಲೆಯ ಅಂಗಳ. ಆಗ ಯಾರೂ ನಗಲಿಲ್ಲ. ನಡೆಯುತ್ತ ನಡೆಯುತ್ತ ಹಿಂದೆ ಎಲ್ಲೋ ನಾಯಿಗಳು ಬೊಗಳುವುದು ಕೇಳುತ್ತಿತ್ತು. ಆಮೇಲೆ ಒಮ್ಮೆಲೇ ಸುಮ್ಮನಾಗುವುದೂ.

ಆ ಮಧ್ಯಾಹ್ನ ಟೀಚರ್ ತಟ್ಟನೆ ನಿಂತು ನನ್ನ ಕೈ ಹಿಡಿದು ಮೂಸಿದರು. ಎಣ್ಣೆ ಉಜ್ಜಿದ್ದರೂ ಹಲಸಿನ ವಾಸನೆ ಹೋಗಿರಲಿಲ್ಲ.

"ನಾವೇ ಕಣೋ ಅವನ್ನ ಕರ್ಕೊಂಡು ಬರ್ತಿರೋದು."

ಬೆಳಿಗ್ಗೆ ಹಣ್ಣು ಕೊಟ್ಟಾಕೆ ಬಾಣಂತಿ ಮಗಳನ್ನು ಮನೆಯಲ್ಲಿಟ್ಟುಕೊಂಡಿದ್ದ ಹೆಂಗಸು. ಸಿಪ್ಪೆಯೆಲ್ಲ ಅವರ ಅಡುಗೆಮನೆಯ ಹಿಂದೆಯೇ ಬಿದ್ದಿತ್ತು. ಹಿಂಡಿಗಿಂತ ಮೊದಲು ಅಲ್ಲಿಗೆ ಹೋಗಲು ತೋಟದ ಮಾಲೀಕರನ್ನೇ ಜೀಪು ಕೇಳಬೇಕು. ಕೇಳಿದರೆ ಕಾರಣ ಹೇಳಬೇಕು. ಹೇಳಿದರೆ ದಾರಿ ಮುಚ್ಚಿತು. ಯಾರಿಗೋ ಕಾಲು ಉಳುಕಿದೆ ಎಂದು ಹೇಳೋಣವೇ ಎಂದ ನಮ್ಮಲ್ಲೊಬ್ಬ.

"ಹಂಗಂದ್ರೆ ಬರೀ ಜೀಪು ಬರುತ್ತೆ," ಎಂದರು ಟೀಚರ್. "ನಮಗೆ ಜನ ಬೇಕು, ಪಟಾಕಿ ಬೇಕು." ಫೋನ್ ಮಾಡಿ, ತಪ್ಪು ತಮ್ಮದೆಂಬುದರಿಂದಲೇ ಮಾತು ಶುರು ಮಾಡಿದರು.

ಬಾಣಂತಿ, ಕೂಸು, ತಾಯಿ ಮೂವರನ್ನೂ ಜೀಪಿಗೆ ಹತ್ತಿಸಿ ರಸ್ತೆಗೆ ಬರುವಷ್ಟರಲ್ಲಿ ಹಿಂದೆ ಗೋಡೆ ಬಿದ್ದ ಸದ್ದು ಕೇಳಿತು. ಪಟಾಕಿ ಹೊಡೆದರೂ ಪಾತ್ರೆಗಳು ಉರುಳುವುದು ಬಹಳ ಹೊತ್ತು ನಿಲ್ಲಲಿಲ್ಲ. ಆ ಹೆಂಗಸು ಬೈಯಲಿಲ್ಲ. "ಇನ್ನೊಂದು ಹಣ್ಣು ಒಳಗೇ ಇತ್ತು ಟೀಚರೇ," ಎಂದಳು, "ಮುಂದಿನ ಊರಿಗೆ ಕಳ್ಸಾನ ಅಂತ ಇಟ್ಟಿದ್ದೆ."

ನಡಿಗೆ ಅಲ್ಲಿಗೇ ನಿಂತಿತು. ಗೇಟುಗಳು ಮುಚ್ಚಿದವು. ಟೀಚರ್ ಯಾರನ್ನೂ ದೂರಲಿಲ್ಲ. ಆ ಭಾಗದ ಕಲ್ಲುಗಳ ಹಳದಿ ಬಣ್ಣವನ್ನು ತಾವೇ ಕತ್ತಿಯಿಂದ ಕೆರೆದು ಬಂದರು. ಮುಂದಿನ ಮಳೆಗಾಲದಲ್ಲಿ ಎದೆನೋವು ಬಂದು ತೀರಿಕೊಂಡರು.

ಈಗ ಹೊಸಬರು ಆ ದಾರಿಯನ್ನು ಮತ್ತೆ ತೆರೆಸಿದ್ದಾರೆ. ಅವರ ನಡಿಗೆಯೂ ಹಲಸಿನ ಕಾಲಕ್ಕೇ ಬಿದ್ದಿದೆ. ಮಕ್ಕಳಿಗೆ ರಜೆ ಆಗಲೇ ತಾನೇ. ಟೀಚರ್ ಇದ್ದಿದ್ದರೆ ಮಾಡುತ್ತಿದ್ದ ಕೆಲಸವೆಂದು ನಾನು ಮುಂದಾಗಿ ಹೋಗಿ, ಮನೆಮನೆಗೂ ನಡೆಯುವವರಿಗೆಂದು ಹಲಸು ಕೊಯ್ದಿಡಬೇಡಿ ಎಂದು ಹೇಳಿ ಬರುತ್ತಿದ್ದೇನೆ. ಎಲ್ಲರೂ ತಲೆಯಾಡಿಸುತ್ತಾರೆ. ನಿನ್ನೆ ಒಬ್ಬಾಕೆ ಮಾತ್ರ, "ಮನೆ ಬಾಗ್ಲಿಗೆ ಬಂದೋರ್ನ ಬರಿಬಾಯಲ್ಲಿ ಕಳ್ಸದಾ ಸಾರ್?" ಎಂದು ನಕ್ಕಳು. ನಾನು ಎಲ್ಲವನ್ನೂ ಮೊದಲಿನಿಂದ ಹೇಳಿದೆ. ಆಯ್ತು ಬಿಡಿ ಎಂದಳು. ಅಂಗಳ ದಾಟಿ ಬರುವಾಗ ಅವರ ಹಿತ್ತಲಿನಿಂದ ಮಾಗಿದ ಹಲಸಿನ ವಾಸನೆ ದಾರಿಯವರೆಗೂ ಬಂದಿತ್ತು.