ಆಹೇರಿನ ಚೀಲದಲ್ಲಿ ಸಾಹೇಬರ ಟೋಪಿ

ನಾನು ಭೋಸರಿಯ ಒಂದು ಕಾರ್ಖಾನೆಯಲ್ಲಿ ಸ್ಟೋರ್ಸ್ ನೋಡಿಕೊಳ್ಳುವವನು. ಇನ್ನೊಬ್ಬರ ಸಾಮಾನು ಕಳೆಯದಂತೆ ಕಾಯುವುದೇ ನನ್ನ ಹೊಟ್ಟೆಪಾಡು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದಿನದನ್ನು ಓದಿದ ಮೇಲೆ ಹೇಳಿದರೆ ಯಾರೂ ನಂಬಲಿಕ್ಕಿಲ್ಲ.

ಅಣ್ಣನ ಮಗಳ ಮದುವೆ ಯೆರವಡಾದ ಒಂದು ಮಂಗಲ ಕಾರ್ಯಾಲಯದಲ್ಲಿ ನಡೆಯಿತು. ಆಹೇರಿನ, ಅಂದರೆ ಮದುವೆಯ ಉಡುಗೊರೆಯ, ಉಸ್ತುವಾರಿ ನನಗೆ ಬಂತು. ನಮ್ಮ ಕಡೆ ಬೀಗರ ಪೈಕಿ ಗಂಡಸರಿಗೆಲ್ಲ ಟಾವೆಲ್ಲು, ಬಿಳಿ ಟೋಪಿ, ತೆಂಗಿನಕಾಯಿ ಕೊಡಬೇಕು. ಆ ಟೋಪಿಯನ್ನು ಈಗ ಯಾರೂ ಹಾಕುವುದಿಲ್ಲ. ಅದು ಕಪಾಟು ಸೇರಿ ಮುಂದಿನ ಮದುವೆಯಲ್ಲಿ ಇನ್ನೊಬ್ಬರ ಕೈಗೆ ಹೋಗುತ್ತದೆ. ಆದರೆ ಕೊಡದೆ ಬಿಟ್ಟು ನೋಡಿ, ಮೊಮ್ಮಕ್ಕಳ ಕಾಲಕ್ಕೂ ಆ ಮಾತು ಉಳಿದಿರುತ್ತದೆ.

ಅದರಲ್ಲೂ ಹುಡುಗನ ಸೋದರಮಾವ. ಶಿರೂರಿನಲ್ಲಿ ಅವರದು ಉಳ್ಳಾಗಡ್ಡಿ ದಲಾಲಿಯ ಅಡತಿ ಅಂಗಡಿ. ನಿಶ್ಚಯದ ದಿನ ತಮಗಿಂತ ಮೊದಲು ಇನ್ನಾರಿಗೋ ಕುಂಕುಮ ಹಚ್ಚಿದರೆಂದು ಎಲೆಯ ಮುಂದೆ ಕೈಕಟ್ಟಿ ಕೂತುಬಿಟ್ಟಿದ್ದರು. ಹೋಳಿಗೆ ಆರಿತು, ತುಪ್ಪ ಹೆಪ್ಪುಗಟ್ಟಿತು, ಅಣ್ಣ ಬೆವರಿದ. ಅಂದಿನಿಂದ ಮದುವೆಯ ತನಕ ನಾನು ನಿದ್ದೆಗೆಟ್ಟದ್ದು ಅವರ ದೆಸೆಯಿಂದಲೇ.

ಮದುವೆಗೆ ಹುಡುಗನ ಆಫೀಸಿನ ದೊಡ್ಡ ಸಾಹೇಬರು ಬಂದರು, ಸ್ಕಾಟ್ಲೆಂಡಿನವರು. ಸಾಂಪ್ರದಾಯಿಕ ಉಡುಪಿನಲ್ಲಿ ಬರಬೇಕೆಂದು ಹುಡುಗ ಕೇಳಿಕೊಂಡಿದ್ದನಂತೆ. ಅವರು ತಮ್ಮ ಸಂಪ್ರದಾಯವನ್ನೇ ಉಟ್ಟು ಬಂದಿದ್ದರು. ಸೊಂಟಕ್ಕೆ ನೆರಿಗೆಯ ಲಂಗದಂಥ ಕಿಲ್ಟ್, ಮೊಣಕಾಲತನಕ ಉಣ್ಣೆಯ ಕಾಲುಚೀಲ, ತಲೆಗೆ ಟೋಪಿ. ಮಂದಿಯೆಲ್ಲ ಕಿಲ್ಟ್ ನೋಡಿದರು. ನಾನು ಟೋಪಿ ನೋಡಿದೆ, ಆವತ್ತು ನನ್ನ ಖಾತೆ ಅದೇ ತಾನೆ. ಕಡುನೀಲಿ ಉಣ್ಣೆಯದು, ಜೋಳದ ರೊಟ್ಟಿಯನ್ನು ನೆತ್ತಿಯ ಮೇಲಿಟ್ಟು ಬಲಕ್ಕೆ ಜಾರಿಸಿದ ಹಾಗೆ. ಸುತ್ತಲೂ ಕೆಂಪು-ಬಿಳಿ ಚೌಕಡಿಯ ಪಟ್ಟಿ, ಮೇಲೆ ಕೆಂಪು ಗೊಂಡೆ, ಎಡಗಡೆ ಬೆಳ್ಳಿಯ ಬಿಲ್ಲೆ, ಹಿಂದೆ ಕೂಸಿನ ಕುಲಾವಿಗೆ ಇರುವಂಥ ಎರಡು ಕರಿ ಲಾಡಿ. ಬಾಲ್ಮೋರಲ್ ಅನ್ನುತ್ತಾರಂತೆ. ಐರ್ಲೆಂಡಿನವರದೂ ಹೆಚ್ಚುಕಡಿಮೆ ಹೀಗೇ, ಆದರೆ ಚೌಕಡಿ ಇಲ್ಲ, ಗರಿ ಇರುತ್ತದೆ, ಎಡಕ್ಕೆ ಜಾರುತ್ತದೆ, ಬಿಲ್ಲೆ ಬಲಕ್ಕೆ. ಎರಡೂ ಒಂದೇ ಅಂದರೆ ಎರಡೂ ಕಡೆಯವರಿಗೆ ಸಿಟ್ಟು ಬರುತ್ತದೆ ಎಂದು ಅವರು ವಿವರಿಸಿದರು. ಟೋಪಿಗಾಗಿ ಸಿಟ್ಟಾಗುವ ಜನ ಬೇರೆ ದೇಶದಲ್ಲೂ ಇದ್ದಾರೆಂದು ತಿಳಿದು ನನಗೆ ತುಸು ಸಮಾಧಾನವಾಯಿತು.

ಅಷ್ಟರಲ್ಲಿ ಅತಿಥಿಗಳ ತಲೆಗೆ ಫೇಟಾ ಕಟ್ಟುವವ ಬಂದು ಸಾಹೇಬರ ಟೋಪಿ ತೆಗೆಸಿದ. ಅವರು ಅದನ್ನು ಎರಡೂ ಕೈಯಲ್ಲಿ ಹಿಡಿದು ನನಗೆ ಕೊಟ್ಟರು. ಅದು ತೀರಿಹೋದ ತಮ್ಮ ತಂದೆಯದೆಂದೂ, ತಾವು ಎರಡು ದಿನದಲ್ಲಿ ಊರಿಗೆ ಹೋಗುವವರಿರುವುದರಿಂದ ಜೋಪಾನವೆಂದೂ ಹೇಳಿದರು. ನೀವೇನೂ ಚಿಂತೆ ಮಾಡಬೇಡಿ ಎಂದೆ. ಜೀವಮಾನದಲ್ಲಿ ನಾನು ಇನ್ನೊಬ್ಬರಿಗೆ ಆ ಮಾತು ಹೇಳಿದ್ದು ಅದೇ ಮೊದಲು.

ಎಲ್ಲಿ ಇಡುವುದು? ಕುರ್ಚಿಯ ಮೇಲಿಟ್ಟರೆ ಯಾರಾದರೂ ಕೂತಾರು. ಮದುಮಗಳ ಕೋಣೆಗೆ ಬೀಗ, ಕೀಲಿ ಯಾರ ಸೊಂಟದಲ್ಲಿದೆಯೋ ದೇವರೇ ಬಲ್ಲ. ಹೆಂಡತಿಯ ಪರ್ಸಿನಲ್ಲಿ ಟೋಪಿ ಇರಲಿ, ನನ್ನ ಕನ್ನಡಕವೂ ಹಿಡಿಸುವುದಿಲ್ಲ. ಕಡೆಗೆ ನನ್ನ ಕಾಲ ಬುಡದಲ್ಲಿದ್ದ, ನನ್ನ ಹೊರತು ಯಾರೂ ಮುಟ್ಟದ ಚೀಲದಲ್ಲಿಟ್ಟೆ. ಆಹೇರಿನ ಟೋಪಿಗಳ ಚೀಲ. ಒಂದೇ ಜಾತಿಯ ಸಾಮಾನು ಒಂದೇ ಕಡೆ ಇರಬೇಕು, ಅದು ಸ್ಟೋರ್ಸಿನ ಮೊದಲ ಪಾಠ.

ಆಮೇಲೆ ಯಾರದೋ ಗಾಡಿ ಗೇಟಿಗೆ ಅಡ್ಡ ನಿಂತಿದೆಯೆಂದು ನನ್ನನ್ನು ಹೊರಗೆ ಕರೆದರು. ಆ ಗಾಡಿಯವನನ್ನು ಹುಡುಕಿ ಬರುವಷ್ಟರಲ್ಲಿ ಕಾಕಾನ ಮಗ ನನ್ನ ಜಾಗದಲ್ಲಿ ಕೂತು ಆಹೇರ ಮುಗಿಸಿಬಿಟ್ಟಿದ್ದ. ಅವನ ಚುರುಕುತನವನ್ನು ಎಲ್ಲರೂ ಹೊಗಳುತ್ತಿದ್ದರು. ನಾನು ಚೀಲದೊಳಗೆ ಕೈ ಹಾಕಿದೆ. ಚೀಲದ ತಳ ಸಿಕ್ಕಿತು.

"ಎಲ್ಲಾ ಬಿಳೀವು, ಒಂದ ಬ್ಯಾರೆ ಇತ್ತಲ್ಲ," ಎಂದ ಅವನು. "ಸೋದರಮಾವಗ ಅಂತ ನೀನ ತಂದಿಟ್ಟೀ ಅಂತ ತಿಳಕೊಂಡೆ. ಭಾಳ ಖುಷಿ ಆದ್ರು. ಎರಡ ಹೋಳಿಗಿ ಹೆಚ್ಚಿಗಿ ತಿಂದು ಹೋದ್ರು."

ಕೇಸರಿ ಫೇಟಾ ಸುತ್ತಿಕೊಂಡ ಸಾಹೇಬರು ಊಟ ಮುಗಿಸಿ ಬಂದು ಟೋಪಿ ಕೇಳಿದರು. ಬಹಳ ಭದ್ರವಾದ ಜಾಗದಲ್ಲಿದೆ, ನಾಳೆ ನಾನೇ ತಂದುಕೊಡುತ್ತೇನೆ ಎಂದೆ. ಆ ಜಾಗ ಆಗ ನಗರ ರೋಡಿನಲ್ಲಿ ಶಿರೂರಿನ ಕಡೆಗೆ ಹೊರಟಿತ್ತು.

ಮರುದಿನ ಹೆಂಡತಿಯ ಜೊತೆ ಶಿರೂರಿಗೆ ಹೋದೆ. ವಾಘೋಲಿಯ ಟ್ರಾಫಿಕ್ಕಿನಲ್ಲಿ ನಿಂತಲ್ಲೇ ನಿಂತು ಒಂದೊಂದೇ ಸುಳ್ಳನ್ನು ಅವಳ ಮೇಲೆ ಪ್ರಯೋಗಿಸಿ ನೋಡಿದೆ. "ಖರೇ ಹೇಳ್ರಿ, ಲಗೂನ ಮುಗೀತದ," ಎಂದಳು. ಅವಳಿಗೆ ಎಲ್ಲವೂ ಹಾಗೆ ಮುಗಿಯುತ್ತವೆ.

ಅಂಗಡಿಯ ಗಾದಿಯ ಮೇಲೆ ಬೀಗರು ಟೋಪಿ ಹಾಕಿಕೊಂಡೇ ಕೂತಿದ್ದರು. ಹಿಂದುಮುಂದಾಗಿ ಹಾಕಿಕೊಂಡದ್ದರಿಂದ ಲಾಡಿ ಎರಡೂ ಹುಬ್ಬಿನ ಮೇಲೆ ಇಳಿಬಿದ್ದಿದ್ದವು. ಚಹಾ ತರಿಸಿದರು. ಹಮಾಲರನ್ನು ಕರೆದು ನನ್ನ ಪರಿಚಯ ಮಾಡಿಸಿದರು, ಟೋಪಿ ಕೊಟ್ಟ ಮನೆಯವರೆಂದು.

"ಇಷ್ಟ ಲಗ್ನ ಕಂಡೀನಿ ಬೀಗರ," ಎಂದರು, "ಎಲ್ಲಾರಿಗೂ ಒಂದ ಬಿಳೀ ಟೊಪಗಿ. ಇದು ಯಾರ ತಲಿ ಅಂತ ನೋಡಿ ಕೊಟ್ಟವರು ನೀವೊಬ್ಬರ."

ನಾನು ಚಹಾದ ಕಪ್ಪು ಕೆಳಗಿಟ್ಟೆ. ಬಿಲ್ಲೆಯ ಪಿನ್ನು ಸಡಿಲಾಗಿದೆ, ರಿಪೇರಿ ಮಾಡಿಸಿ ತರುತ್ತೇನೆ ಎಂದೆ. ಅಕ್ಕಸಾಲಿಗ ಬಾಜೂಕೇ ಇದ್ದಾನೆ ಎಂದರು. ಈ ಉಣ್ಣೆಗೆ ಇಲ್ಲಿಯ ಬಿಸಿಲು ಆಗಿಬರುವುದಿಲ್ಲವೆಂದೆ. ನೆರಳಿನಲ್ಲೇ ಕೂತಿದ್ದೇನಲ್ಲ ಎಂದರು. ಇನ್ನೊಂದು ಸುಳ್ಳಿಗೆ ನಾನು ಬಾಯಿ ತೆರೆಯುವಷ್ಟರಲ್ಲಿ ಹೆಂಡತಿಯೇ ಹೇಳಿಬಿಟ್ಟಳು. "ಅದು ಸಾಹೇಬರ ಅಪ್ಪನವರದ್ರಿ. ತೀರಿಕೊಂಡಾರ. ಇವರು ಜೋಪಾನ ಮಾಡಲಿಕ್ಕೆ ಹೋಗಿ ಆಹೇರಿನ ಚೀಲದಾಗ ಇಟ್ರು."

ಬೀಗರು ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡು ಕೆಂಪು ಗೊಂಡೆಯ ಮೇಲೆ ಒಮ್ಮೆ ಬೆರಳಾಡಿಸಿದರು. ಬೋಳು ತಲೆಯ ಮೇಲೆ ಅದರ ಪಟ್ಟಿಯ ಗುರುತು ಕೆಂಪಗೆ ಮೂಡಿತ್ತು.

"ಕೊಟ್ಟ ಆಹೇರ ತಿರಗಿ ಕೇಳೂದು ನಿಮ್ಮ ಮನ್ಯಾಗ ಪದ್ಧತಿ ಇರಬಹುದು," ಎಂದರು. "ತಿರಗಿ ಕೊಡೂದು ನಮ್ಮಲ್ಲಿ ಇಲ್ಲ."

ಅಲ್ಲಿಗೆ ಮುಗಿಯಿತೆಂದುಕೊಂಡೆ. ಅವರು ಮನೆಯೊಳಗಿಂದ ತಾಟು ತರಿಸಿದರು. ಹೊಸ ಟಾವೆಲ್ಲು ಹಾಸಿ ಅದರ ಮೇಲೆ ಟೋಪಿ, ಪಕ್ಕಕ್ಕೆ ತೆಂಗಿನಕಾಯಿ, ಎರಡು ಎಲೆ ಅಡಿಕೆ ಇಟ್ಟರು. "ಈಗ ಇದು ನಂದು. ನಾ ಸಾಹೇಬಗ ಆಹೇರ ಮಾಡಾಕತ್ತೀನಿ. ಮುಟ್ಟಸ್ರಿ."

ನಾನು ಕೈಮುಗಿದು ತಾಟು ಎತ್ತಿಕೊಂಡು ಹೊಸ್ತಿಲ ತನಕ ಬಂದಿರಬೇಕು, ಬೀಗರು ಹಿಂದಿನಿಂದ ಕರೆದರು.

"ಅಂದಹಂಗ ಬೀಗರ, ಲೆಕ್ಕ ನೋಡಿದರ ನಿಮ್ಮ ಕಡಿಂದ ನನಗ ಟೊಪಗಿ ಇನ್ನೂ ಬಂದಿಲ್ಲ. ಬಿಳೀದು ಬ್ಯಾಡ."

ಸಾಹೇಬರಿಗೆ ಟೋಪಿ ಮುಟ್ಟಿತು. ಜೋಪಾನಕ್ಕೆ ಕೊಟ್ಟ ವಸ್ತುವನ್ನು ತೆಂಗಿನಕಾಯಿ ಸಮೇತ ಮರಳಿಸುವುದು ನಮ್ಮ ಪದ್ಧತಿಯೆಂದು ತಿಳಿದು ಅವರು ಬಹಳ ಮೆಚ್ಚಿದರು. ನಾನು ತಿದ್ದಲಿಲ್ಲ. ಅವರು ನೆಮ್ಮದಿಯಿಂದ ವಿಮಾನ ಹತ್ತಿದರು. ನಾನು ಕ್ಯಾಂಪ್ ಪೇಟೆಯ ಅಂಗಡಿಗಳನ್ನು ಹತ್ತಿಳಿದೆ.

ಯುನಿಫಾರ್ಮ್ ಅಂಗಡಿಯಲ್ಲಿ ಬ್ಯಾಂಡಿನವರು ಹಾಕುವ ದೋಣಿಯಾಕಾರದ ಟೋಪಿ ಇತ್ತು. ಅದು ಗ್ಲೆನ್‌ಗ್ಯಾರಿ, ಸ್ಕಾಟ್ಲೆಂಡಿನದೇ, ಆದರೆ ಬೀಗರಿಗೆ ಬೇಕಾದ್ದು ರೊಟ್ಟಿಯಂಥದು. ನಾಟಕದ ವೇಷ ಬಾಡಿಗೆಗೆ ಕೊಡುವವ ಗೊಂಡೆ ಇದ್ದ ಮಂಕಿ ಟೋಪಿ ತೋರಿಸಿದ. ಕಡೆಗೆ ಆನ್‌ಲೈನಿನಲ್ಲಿ ತರಿಸಿದೆ. ಚಿತ್ರದಲ್ಲಿ ಚೌಕಡಿ ಇತ್ತು. ಪೆಟ್ಟಿಗೆ ಒಡೆದರೆ ಹಸಿರು ಟೋಪಿ, ಚೌಕಡಿ ಇಲ್ಲ, ಬಲಗಡೆ ಬಿಲ್ಲೆ, ಅದರ ಮೇಲೆ ಗೇಣುದ್ದದ ಗರಿ. ಐರಿಶ್. ವಾಪಸ್ ತೆಗೆದುಕೊಳ್ಳುವುದಿಲ್ಲವಂತೆ. ವಾಪಸಿನ ಪದ್ಧತಿ ಯಾರ ಮನೆಯಲ್ಲೂ ಇಲ್ಲ. ಶಿರೂರಿನಲ್ಲಿ ಯಾರಿಗೆ ತಿಳಿಯುತ್ತದೆ, ಕೊಟ್ಟುಬಿಡಿ ಎಂದಳು ಹೆಂಡತಿ. ಖರೇ ಹೇಳ್ರಿ ಎಂದವಳು ಇವಳೇ.

ಹೊಸ ದಂಪತಿಗಳ ಸತ್ಯನಾರಾಯಣ ಪೂಜೆಯ ದಿನ, ಎಲೆ ಹಾಕಿದ ಮೇಲೆ, ಎಲ್ಲರೆದುರು ಟಾವೆಲ್ಲು, ಕಾಯಿ ಸಮೇತ ಕೊಟ್ಟೆ. ಬೀಗರು ಟೋಪಿಯನ್ನು ತಿರುಗಿಸಿ ತಿರುಗಿಸಿ ನೋಡಿದರು.

"ಚೌಕಡಿ ಎಲ್ಲಿ?"

ಇದು ಐರ್ಲೆಂಡಿನದು, ಅದರಷ್ಟೇ ಮರ್ಯಾದೆಯದು ಎಂದೆ.

"ಅದು ಬ್ಯಾರೆ ದೇಶ ಏನು?"

"ಹೌದ್ರಿ."

"ಅಂದ್ರ ಸಾಹೇಬಗ ಒಂದ ದೇಶದ್ದು, ನನಗ ಇನ್ನೊಂದು ದೇಶದ್ದು."

ಟೋಪಿಯನ್ನು ಕಾಯಿಯ ಮೇಲಿಟ್ಟು, ಎಲೆಯ ಮುಂದೆ ಕೈಕಟ್ಟಿ ಕೂತರು. ಅಣ್ಣನ ಮಗಳು ತುಪ್ಪದ ಗಿಂಡಿ ಹಿಡಿದು ನಿಂತಲ್ಲಿಂದ, ಕಾಕಾ ಏನರೆ ಮಾಡು ಎಂಬಂತೆ ನನ್ನತ್ತ ನೋಡಿದಳು. ನಾನು ಕನ್ನಡಕ ಏರಿಸಿ, ಫೋನು ತೆಗೆದು, ಚೌಕಡಿ ಇರುವ ಟೋಪಿಯನ್ನು ಮೊದಲಿನಿಂದ ಹುಡುಕತೊಡಗಿದೆ.